ಮನೆಯೂ ಫೋಟೋದಲ್ಲಿ ಇರಲಿ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ದಾಸವಾಳದ ಬೇಲಿ. ಬೆಳಿಗ್ಗೆ ದೇವರಿಗೆ ಹೂ ಕೊಯ್ಯಲು ಬರುವ ಅಕ್ಕ ಮೊನ್ನೆ ಆಚೆಯಿಂದಲೇ ಕೂಗಿ ಹೇಳಿದರು.

“ಮಗಳ ಮದುವೆ ಗಟ್ಟಿಯಾಯ್ತು ಮಾರಾಯ. ತುಳಸಿ ಪೂಜೆ ಕಳೆದು ಹತ್ತನೇ ದಿನಕ್ಕೆ ಮುಹೂರ್ತ. ಛತ್ರ ಬೇಡ, ಅಜ್ಜನ ಮನೆ ಅಂಗಳದಲ್ಲೇ ಆಗಬೇಕು ಅಂತ ಹಟ ಹಿಡಿದಿದ್ದಾಳೆ. ಅಡುಗೆಯವರು ಸಿಕ್ಕಿದ್ದಾರೆ, ಪುರೋಹಿತರೂ ಒಪ್ಪಿದ್ದಾರೆ. ನನಗೆ ಚಿಂತೆ ಫೋಟೋದ್ದೇ. ಆ ಮನೆಯೊಳಗೆ ಹಾಡಹಗಲೇ ಕತ್ತಲೆ. ಛತ್ರದ ಹಾಗೆ ಚಂದ ಬರ್ತದಾ?”

“ಛತ್ರಕ್ಕಿಂತ ಚಂದ ಬರ್ತದೆ ಅಕ್ಕಾ. ಆದರೆ ಒಂದೆರಡು ಕೆಲಸ ಮೊದಲೇ ಆಗಬೇಕು” ಅಂದೆ.

ಅಕ್ಕ ಹೂವಿನ ಬುಟ್ಟಿಯನ್ನು ಬೇಲಿಗೂಟಕ್ಕೆ ತಗುಲಿಹಾಕಿದರು. ಹಾಗೆ ತಗುಲಿಹಾಕಿದರೆ ಮಾತು ಉದ್ದಕ್ಕಿದೆ ಅಂತಲೇ ಲೆಕ್ಕ. ತೀರ್ಥಹಳ್ಳಿ ಸುತ್ತಿನ ಮದುವೆಗಳಲ್ಲಿ ಕ್ಯಾಮೆರಾ ಹಿಡಿಯಲು ಶುರುಮಾಡಿ ನನಗೆ ಇಪ್ಪತ್ತೈದು ವರ್ಷ ದಾಟಿತು. ಮನೆ ಮದುವೆ ಅಂದರೆ ನನ್ನ ಹತ್ತಿರವೂ ಹೇಳಿ ಮುಗಿಯದಷ್ಟು ಮಾತಿದೆ.

ಮೊದಲಿಗೆ, ಹುಡುಗಿ ಆರಿಸಿದ ಕಾಲವೇ ಒಳ್ಳೆಯದು. ನಮ್ಮ ಕಡೆ ಎಷ್ಟೋ ಜನ ಉತ್ಥಾನ ದ್ವಾದಶಿ ಬರಲಿ, ತುಳಸಿಗೆ ಮದುವೆ ಆಗಲಿ, ಆಮೇಲೆ ಮನೆ ಮಕ್ಕಳದ್ದು ಅಂತ ಕಾಯುತ್ತಾರೆ. ಡಿಸೆಂಬರ್ ನಡುವಿಗೆ ಧನುರ್ಮಾಸ ಹಿಡಿಯಿತೆಂದರೆ ಸಂಕ್ರಾಂತಿಯವರೆಗೆ ಮುಹೂರ್ತವಿಲ್ಲ. ಶರದೃತು ಮುಗಿದು ಹೇಮಂತ ಕಾಲಿಡುವ ಈ ಒಂದು ತಿಂಗಳಿನಲ್ಲಿ ಮಲೆನಾಡು ಇರುವ ಹಾಗೆ ವರ್ಷದಲ್ಲಿ ಇನ್ನು ಯಾವಾಗಲೂ ಇರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ಮಳೆ ಸುರಿಯುತ್ತದೆ. ಅಷ್ಟು ನೀರಿನಲ್ಲಿ ತೊಳೆದ ಎಲೆ, ಹೆಂಚು, ಕಲ್ಲು ಎಲ್ಲದರ ಬಣ್ಣವೂ ಆಗ ನಿಚ್ಚಳವಾಗಿರುತ್ತದೆ. ಗಾಳಿಯಲ್ಲಿ ಧೂಳಿಲ್ಲ. ಗದ್ದೆಯಲ್ಲಿ ಭತ್ತ ಹಣ್ಣಾಗಿ ಬಾಗಿರುತ್ತದೆ, ತೋಟದಲ್ಲಿ ಅಡಿಕೆ ಕೊನೆ ಇಳಿಸುವ ಕೆಲಸ ನಡೆದಿರುತ್ತದೆ.

“ಬಿಸಿಲಿನ ಮಾತು ಹೇಳು. ಹೋದ ಬೇಸಗೆಯಲ್ಲಿ ತಂಗಿ ಮಗನ ಮದುವೆ ಫೋಟೋದಲ್ಲಿ ಎಲ್ಲರ ಕಣ್ಣೂ ಗುಳಿ ಬಿದ್ದ ಹಾಗೆ ಬಂದಿತ್ತು” ಅಂದರು ಅಕ್ಕ.

ಅದಕ್ಕೂ ಕಾರಣವಿದೆ. ಏಪ್ರಿಲ್ ಕೊನೆಯ ವಾರ ನಮ್ಮೂರಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನಡುನೆತ್ತಿಗೆ ಬರುತ್ತಾನೆ. ಆ ಬಿಸಿಲಿಗೆ ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ನವೆಂಬರ್ ಕೊನೆಗೆ ಅದೇ ಸೂರ್ಯ ನಡುಹಗಲಿನಲ್ಲೂ ನೆತ್ತಿಯಿಂದ ಸುಮಾರು 35 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಬೆಳಕು ಓರೆಯಾಗಿ ಬಂದು ಮುಖ ತುಂಬುತ್ತದೆ. ಹಾಗಂತ ಹೊತ್ತು ಕಳೆಯುವ ಹಾಗಿಲ್ಲ. ಸೂರ್ಯ ಹುಟ್ಟುವುದು ಆರೂವರೆಗೆ, ಎಂಟು ಗಂಟೆಯವರೆಗೂ ಮಂಜು ಇರುತ್ತದೆ, ಸಂಜೆ ಆರಕ್ಕೆ ಮುಳುಗಿ ಆಗಿರುತ್ತದೆ. ಸುತ್ತ ಗುಡ್ಡ, ಮುಂದೆ ಅಡಿಕೆ ತೋಟ ಇರುವ ಮನೆಗೆ ಐದಕ್ಕೇ ನೆರಳು ಕವಿಯುತ್ತದೆ. ಮದುಮಕ್ಕಳನ್ನು ತೋಟದಲ್ಲಿ ನಿಲ್ಲಿಸಿ ತೆಗೆಯಬೇಕೆಂದರೆ ಊಟ ಮುಗಿದ ಕೂಡಲೇ, ನಾಲ್ಕರೊಳಗೆ ಕರೆದುಕೊಂಡು ಹೋಗಬೇಕು. ಇದನ್ನು ಮನೆಯ ಹಿರಿಯರೊಬ್ಬರಿಗೆ ಮೊದಲೇ ಹೇಳಿಟ್ಟರೆ ಅವರೇ ಹೊತ್ತಿಗೆ ಸರಿಯಾಗಿ ಎಬ್ಬಿಸಿ ಕಳಿಸುತ್ತಾರೆ.

“ಮನೆಯೊಳಗಿನ ಕತ್ತಲೆಗೆ?”

ತೊಟ್ಟಿಮನೆ ಕತ್ತಲೆ ಅನ್ನುವವರು ಅದರ ಅಂಗಳದಲ್ಲಿ ನಿಂತು ನೋಡಿಲ್ಲ ಅಂತ ನನ್ನ ಭಾವನೆ. ನಾಲ್ಕು ಕಡೆ ಜಗಲಿ, ನಡುವೆ ಆಕಾಶಕ್ಕೆ ತೆರೆದ ಒಳಅಂಗಳ. ಮೇಲಿಂದ ಇಳಿದ ಬೆಳಕು ಸುಣ್ಣದ ಗೋಡೆಗೆ ತಾಗಿ, ಕೆಂಪು ನೆಲಕ್ಕೆ ತಾಗಿ ಜಗಲಿಯ ಅಂಚಿಗೆ ಬರುವ ಹೊತ್ತಿಗೆ ಮೆತ್ತಗಾಗಿರುತ್ತದೆ. ಕೆಂಪು ನೆಲದ ಕಾಂತಿ ಗಲ್ಲದ ಕೆಳಗಿನ ನೆರಳನ್ನೂ ಬೆಚ್ಚಗೆ ಮಾಡುತ್ತದೆ. ಮದುಮಗಳನ್ನು ಮುಂಡಿಗೆಯ ಪಕ್ಕ ಅಂಗಳದ ಕಡೆ ಮುಖ ಮಾಡಿ ಕೂರಿಸಿದರೆ ಸಾಕು, ಬೇರೆ ದೀಪ ಬೇಕಿಲ್ಲ. ಅವಳ ಹಿಂದಿನ ಜಗಲಿ ತಾನಾಗಿ ಕಪ್ಪಾಗಿ, ಮುಖ ಒಂದೇ ಎದ್ದು ಕಾಣುತ್ತದೆ. ಛತ್ರದಲ್ಲಿ ಎರಡು ಸಾವಿರ ವಾಟಿನ ದೀಪ ಉರಿಸಿದರೂ ಆ ಬೆಳಕು ಹುಟ್ಟುವುದಿಲ್ಲ.

ಆದರೆ ಅದಕ್ಕೆ ಮನೆ ನೋಡಿಟ್ಟಿರಬೇಕು. ಮುಹೂರ್ತ ಮಕರ ಲಗ್ನದಲ್ಲಿ 10.45ಕ್ಕೆ ಅಂತಾದರೆ, ಒಂದು ವಾರ ಮೊದಲು 10.45ಕ್ಕೇ ನಾನು ಆ ಮನೆಯಲ್ಲಿ ಇರುತ್ತೇನೆ. ಬಿಸಿಲು ಯಾವ ಮುಂಡಿಗೆಯ ಬುಡದಲ್ಲಿದೆ, ಯಾವ ಜಗಲಿ ನೆರಳಿನಲ್ಲಿದೆ ಅಂತ ನೋಡಿ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ವಾರದಲ್ಲಿ ಸೂರ್ಯ ಅಷ್ಟೇನೂ ಸರಿಯುವುದಿಲ್ಲ. ಹೋದಾಗ ಮನೆಯವರು ಕಾಫಿ ಕೊಡುತ್ತಾರೆ, ಅಜ್ಜಿ ಯಾರು, ಮಾವ ಯಾರು ಅಂತ ಗುರುತಾಗುತ್ತದೆ. ಮದುವೆ ದಿನ ಅವರು ಕ್ಯಾಮೆರಾಗೆ ಅಂಜುವುದಿಲ್ಲ. ಇದು ಬೆಳಕಿನಷ್ಟೇ ಮುಖ್ಯ.

ಈಗ ಚಪ್ಪರದ ವಿಷಯ. ಅಕ್ಕನಿಗೆ ನಾನು ಒತ್ತಿ ಹೇಳಿದ್ದು ಇದನ್ನೇ.

ಕೆಲವು ವರ್ಷದ ಹಿಂದೆ ಕೊಪ್ಪದ ಕಡೆ ಒಂದು ಮದುವೆ. ಎಲ್ಲ ನೋಡಿಟ್ಟು ಬಂದಿದ್ದೆ. ಮದುವೆ ದಿನ ಬೆಳಿಗ್ಗೆ ಹೋಗಿ ನೋಡಿದರೆ ಅಂಗಳದ ಮೇಲೆ ಕಡುನೀಲಿ ಟಾರ್ಪಾಲು. ಅಕಾಲ ಮಳೆ ಬಂದರೆ ಅಂತ ಹಿಂದಿನ ರಾತ್ರಿ ಹೆದರಿ ಕಟ್ಟಿಸಿದ್ದರಂತೆ. ಮೇಲಿನ ಬಟ್ಟೆ ಯಾವ ಬಣ್ಣವೋ ಕೆಳಗಿನ ಮುಖವೂ ಅದೇ ಬಣ್ಣ. ಮದುಮಗನ ಬಿಳಿ ಪಂಚೆ ನೀಲಿ, ಅಕ್ಕಿ ನೀಲಿ, ತಾಳಿ ಕಟ್ಟುವ ಕೈ ನೀಲಿ. ಇಡೀ ಫೋಟೋ ಒಂದೇ ಬಣ್ಣಕ್ಕೆ ತಿರುಗಿದರೆ ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ತಿದ್ದಬಹುದು. ಒಂದು ಕೆನ್ನೆಗೆ ಟಾರ್ಪಾಲಿನ ನೀಲಿ, ಇನ್ನೊಂದು ಕೆನ್ನೆಗೆ ಹೋಮದ ಕೆಂಪು ಬಿದ್ದರೆ ಒಂದನ್ನು ಸರಿಮಾಡಿದಾಗ ಇನ್ನೊಂದು ಕೆಡುತ್ತದೆ. ಆ ಆಲ್ಬಮ್ಮಿನ ಧಾರೆಯ ಪುಟಗಳನ್ನು ಕೊನೆಗೆ ಕಪ್ಪುಬಿಳುಪಿನಲ್ಲಿ ಹಾಕಬೇಕಾಯಿತು. ಮದುಮಗಳ ತಾಯಿ ಆ ಪುಟದ ಮೇಲೆ ಬೆರಳಿಟ್ಟು, “ಇವಳ ಸೀರೆ ಅರಗಿಳಿ ಹಸಿರು ಇತ್ತಲ್ಲ” ಅಂದರು. ಆ ಮಾತು ನನ್ನಲ್ಲಿ ಹಾಗೇ ಉಳಿದಿದೆ. ತೋಟಗಾರಿಕೆಯವರ ಹಸಿರು ನೆರಳುಬಲೆಯದ್ದೂ ಇದೇ ಕಥೆ. ಅದರ ಕೆಳಗೆ ನಿಂತವರೆಲ್ಲ ಕಾಯಿಲೆಯಿಂದ ಎದ್ದವರ ಹಾಗೆ ಕಾಣುತ್ತಾರೆ.

ಹಿಂದಿನವರು ಇದನ್ನು ತಿಳಿದೇ ಮಾಡಿದ್ದರೋ ಏನೋ, ಮಡಿವಾಳರು ಮಂಟಪದ ಮೇಲೆ ಬಿಳಿ ಮೇಲ್ಕಟ್ಟು ಕಟ್ಟುತ್ತಿದ್ದರು. ಫೋಟೋದವನಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಬಿಸಿಲನ್ನು ಸೋಸಿ, ಬಣ್ಣ ಕೆಡಿಸದೆ, ಎಲ್ಲರ ಮೇಲೂ ಸಮನಾಗಿ ಹರಡುತ್ತದೆ. ಅಡಿಕೆ ಸೋಗೆಯ ಚಪ್ಪರ ನೋಡಲು ಚಂದ, ತಂಪು. ಆದರೆ ಸೋಗೆಯ ಸಂದಿನಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಮುಖದ ಮೇಲೆ ಬೀಳುತ್ತದೆ. ಸೋಗೆ ಹೊದೆಸಿ, ಅದರ ಅಡಿಗೆ ಒಂದು ಬಿಳಿ ಬಟ್ಟೆ ಎಳೆದು ಕಟ್ಟಿದರೆ ಎರಡೂ ಆಯಿತು. ಮಳೆಯ ಭಯವಿದ್ದರೆ ಬಿಳಿಯದ್ದೇ, ಬೆಳಕು ಬಿಡುವ ಪ್ಲಾಸ್ಟಿಕ್ ಹಾಳೆ ಸಿಗುತ್ತದೆ.

“ಇಷ್ಟೇನಾ? ಬಿಳಿ ಬಟ್ಟೆ ನಾನೇ ತರಿಸ್ತೇನೆ” ಅಂದರು ಅಕ್ಕ. “ಸೀರಿಯಲ್ ಸೆಟ್ ಹಾಕಬಹುದಾ?”

ಧಾರಾಳವಾಗಿ. ಮನೆಗೆ ಹಾಕಿ, ಮಂಟಪದ ಮೇಲೆ ಮಾತ್ರ ಬೇಡ. ನಮ್ಮ ಕರೆಂಟು 50 ಹರ್ಟ್ಸಿನದ್ದು. ಕಡಿಮೆ ದರದ ಎಲ್‌ಇಡಿ ದೀಪ ಸೆಕೆಂಡಿಗೆ ನೂರು ಸಲ ಮಿಣುಗುತ್ತದೆ. ಕಣ್ಣಿಗೆ ತಿಳಿಯದು, ಕ್ಯಾಮೆರಾದಲ್ಲಿ ಪಟ್ಟೆ ಪಟ್ಟೆಯಾಗಿ ಬರುತ್ತದೆ. ಶಟರಿನ ವೇಗವನ್ನು ಸೆಕೆಂಡಿನ ನೂರನೇ ಒಂದು ಭಾಗಕ್ಕೆ ಇಟ್ಟರೆ ಪಟ್ಟೆ ಹೆಚ್ಚುಕಮ್ಮಿ ಹೋಗುತ್ತದೆ, ಆದರೆ ಆ ವೇಗದಲ್ಲಿ ಅಕ್ಷತೆ ಎರಚುವ ಕೈ ಮಸುಕಾಗುತ್ತದೆ. ಫ್ಲ್ಯಾಶಿಗೂ ಹಳೆ ಮನೆಯಲ್ಲಿ ಬೇರೆ ಲೆಕ್ಕ. ಛತ್ರದಲ್ಲಿ ಬಿಳಿ ತಾರಸಿಗೆ ಫ್ಲ್ಯಾಶ್ ಹೊಡೆದರೆ ಬೆಳಕು ಚೆದುರಿ ಕೆಳಗೆ ಇಳಿಯುತ್ತದೆ. ತೊಟ್ಟಿಮನೆಯ ಮುಚ್ಚಿಗೆ ನೂರು ವರ್ಷದ ಹೊಗೆ ಕುಡಿದ ಕರಿ ಹಲಗೆ. ಎಷ್ಟು ಬೆಳಕು ಕೊಟ್ಟರೂ ನುಂಗಿಕೊಳ್ಳುತ್ತದೆ. ಅಲ್ಲಿ ಪಕ್ಕದ ಸುಣ್ಣದ ಗೋಡೆಗೆ ತಿರುಗಿಸಿ ಹೊಡೆಯಬೇಕು. ಹೋಮದ ಹೊಗೆ ಎದ್ದ ಮೇಲೆ ಫ್ಲ್ಯಾಶ್ ಮುಟ್ಟಲೇಬಾರದು. ನೇರ ಬೆಳಕಿಗೆ ಹೊಗೆಯೇ ಗೋಡೆಯ ಹಾಗೆ ನಿಲ್ಲುತ್ತದೆ. ಅದೇ ಹೊಗೆ ಅಂಗಳದ ಬಿಸಿಲಿಗೆ ಎದುರಾಗಿ ಸಿಕ್ಕಿದರೆ ಒಂದೊಂದು ಕಿರಣವೂ ಎಣಿಸುವ ಹಾಗೆ ಕಾಣುತ್ತದೆ. ಲಾಜಹೋಮದಲ್ಲಿ ತಂಗಿಯ ಕೈಗೆ ಅರಳು ಸುರಿಯುವ ಅಣ್ಣನ ಮುಖವನ್ನು ಆ ಕಿರಣದ ನಡುವೆ ಒಮ್ಮೆ ತೆಗೆದವನು ಮತ್ತೆ ಫ್ಲ್ಯಾಶಿನ ಆಸೆ ಪಡುವುದಿಲ್ಲ.

“ಮಗಳು ಅದೇನೋ ಕ್ಯಾಂಡಿಡ್ ಬೇಕು ಅಂತಾಳೆ. ಹಾಗಂದರೆ?”

ಯಾರನ್ನೂ ನಿಲ್ಲಿಸದೆ, ನಗಿ ಅನ್ನದೆ, ಆಗುತ್ತಿರುವುದನ್ನು ಆಗುತ್ತಿರುವ ಹಾಗೆ ತೆಗೆಯುವುದು ಅಂತ ಹೇಳಿದೆ. ನನಗೆ ಕೆಲಸ ಕಲಿಸಿದವರು ಆ ಹೆಸರು ಕೇಳಿರಲಿಲ್ಲ, ಆದರೆ ಅದನ್ನೇ ಮಾಡುತ್ತಿದ್ದರು. ಅವರದ್ದು ಎರಡು ಲೆನ್ಸಿನ ಯಾಶಿಕಾ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು, ಅದರೊಳಗೆ ಎಡ ಬಲ ತಿರುಗಾಮುರುಗಾ ಕಾಣುತ್ತದೆ. 120ರ ಒಂದು ರೋಲಿಗೆ ಹನ್ನೆರಡೇ ಫೋಟೋ. ನಾಲ್ಕು ರೋಲು ಕೊಂಡುಹೋದರೆ ಇಡೀ ಮದುವೆಗೆ ನಲವತ್ತೆಂಟು. ಅಷ್ಟರಲ್ಲಿ ವರಪೂಜೆ, ಧಾರೆ, ಸಪ್ತಪದಿ, ಎರಡೂ ಕಡೆಯ ನೆಂಟರ ಗುಂಪು ಎಲ್ಲ ಮುಗಿಯಬೇಕು. ಹಾಗಾಗಿ ಅವರು ಕಾಯುತ್ತಿದ್ದರು. ಗುಂಡಿ ಒತ್ತುವುದಕ್ಕಿಂತ ಕಾಯುವುದೇ ಈ ಕೆಲಸ ಅಂತ ನನಗೆ ಹೇಳಿಕೊಟ್ಟವರು ಅವರು. ಈಗ ನಾನು ಒಂದು ಮದುವೆಯಲ್ಲಿ ಮೂರು ಸಾವಿರ ಫೋಟೋ ತೆಗೆಯುತ್ತೇನೆ. ಆದರೂ ಮನೆಯವರ ಗೋಡೆಗೆ ಏರುವುದು ಆ ಮೂರು ಸಾವಿರದಲ್ಲಿ ಮೂರು, ಆ ಮೂರೂ ಕಾದು ತೆಗೆದದ್ದು.

ಎಲ್ಲಿ ಕಾಯಬೇಕು ಅನ್ನುವುದನ್ನು ಶಾಸ್ತ್ರವೇ ಹೇಳುತ್ತದೆ. ಅಂತರಪಟದ ಎರಡು ಕಡೆ ಇಬ್ಬರೂ ನಿಂತಿರುತ್ತಾರೆ, ಕೈಯಲ್ಲಿ ಜೀರಿಗೆ ಬೆಲ್ಲ. ಮಂಗಳಾಷ್ಟಕ ಮುಗಿದು ಪಟ ಸರಿದ ಕೂಡಲೇ ಇಬ್ಬರೂ ಪರಸ್ಪರ ತಲೆಯ ಮೇಲೆ ಜೀರಿಗೆ ಬೆಲ್ಲ ಇಡುತ್ತಾರೆ. ಆ ಒಂದು ಗಳಿಗೆ ಮತ್ತೆ ಬರುವುದಿಲ್ಲ. ಓಲಗದವರು ಆಗ ಜೋರಾಗಿ ಬಾರಿಸುತ್ತಾರೆ, ಎಲ್ಲರೂ ಅಕ್ಷತೆ ಹಾಕಲು ಮುಂದೆ ಬರುತ್ತಾರೆ, ಮೊಬೈಲು ಹಿಡಿದ ಹತ್ತು ಕೈ ನಡುವೆ ಬರುತ್ತದೆ. ಇದಕ್ಕೆ ನೀವು ಮಾಡಬಹುದಾದ್ದು ಒಂದಿದೆ ಅಂತ ಅಕ್ಕನಿಗೆ ಹೇಳಿದೆ. ಪುರೋಹಿತರಿಂದಲೇ ಒಂದು ಮಾತು ಹೇಳಿಸಿ, ಪಟ ಸರಿಯುವಾಗ ಎಲ್ಲರೂ ಮೊಬೈಲು ಕೆಳಗಿಟ್ಟು ಎರಡು ನಿಮಿಷ ಕಣ್ಣಿನಿಂದ ನೋಡಲಿ ಅಂತ. ಅವರ ಮಾತಿಗೆ ಎಲ್ಲರೂ ತಲೆಬಾಗುತ್ತಾರೆ. ಫೋಟೋದಲ್ಲಿ ಆಗ ಹಿಂದೆ ನಿಂತವರ ಕಣ್ಣು, ಕಣ್ಣೀರು ಎರಡೂ ಕಾಣುತ್ತವೆ.

ಧಾರೆಯ ಹೊತ್ತಿನಲ್ಲಿ ನಾನು ಮದುಮಕ್ಕಳ ಮುಖ ನೋಡುವುದು ಕಡಿಮೆ, ತಂದೆಯ ಕೈ ನೋಡುತ್ತೇನೆ. ನಲವತ್ತು ವರ್ಷ ಅಡಿಕೆ ಸುಲಿದು ಬೆರಳ ತುದಿ ಕಪ್ಪಾದ ಕೈ. ಹುಣಸೆಹಣ್ಣು ಹಾಕಿ ಉಜ್ಜಿದರೂ ಆ ಕಪ್ಪು ಪೂರ್ತಿ ಹೋಗುವುದಿಲ್ಲ. ಆ ಕೈ ಮಗಳ ಮದರಂಗಿಯ ಕೈಯನ್ನು ಹಿಡಿದಿರುತ್ತದೆ, ತಾಯಿ ಮೇಲಿನಿಂದ ನೀರು ಬಿಡುತ್ತಾಳೆ. ನೀರಿನ ಎಳೆ ಬೆರಳ ಸಂದಿನಿಂದ ಇಳಿಯುವಾಗ ಹಿಂದಿನ ಬೆಳಕಿಗೆ ಹೊಳೆಯುತ್ತದೆ. ಒಂದು ಮೊಳ ದೂರದಿಂದ ಆ ಕೈಗಳನ್ನು ಮಾತ್ರ ತೆಗೆದ ಫೋಟೋ ಒಂದು ನನ್ನ ಅಂಗಡಿಯ ಗೋಡೆಯಲ್ಲಿದೆ. ಮುಖವಿಲ್ಲದ ಫೋಟೋ ಯಾಕೆ ಹಾಕಿದ್ದೀರಿ ಅಂತ ಇಲ್ಲಿಯವರೆಗೆ ಯಾರೂ ಕೇಳಿಲ್ಲ.

ಇಲ್ಲಿಗೆ ಬರುವ ಹೊತ್ತಿಗೆ ಅಕ್ಕ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡರು. ಸುಮ್ಮನೆ ಮಾತು ತಿರುಗಿಸಿದೆ.

“ಅಕ್ಕಾ, ಹಿಂದಿನ ರಾತ್ರಿ ನಾನು ಅಲ್ಲೇ ಉಳಿಯುತ್ತೇನೆ, ಒಂದು ಚಾಪೆ ಕೊಟ್ಟರೆ ಸಾಕು. ಯಾಕೆ ಗೊತ್ತಾ? ಮನೆ ಮದುವೆ ಶುರುವಾಗುವುದು ಬೆಳಗಿನ ಮೂರಕ್ಕೆ.”

ಹಿತ್ತಿಲಿನ ಒಲೆಗೆ ಬೆಂಕಿ ಬೀಳುವುದು ಆಗಲೇ. ಬಾಣಲೆಯ ಹಬೆ ಲೆನ್ಸಿನ ಮೇಲೆ ಕೂರುತ್ತದೆ. ಹೊರಗಿನ ಚಳಿಯಿಂದ ನೇರ ಒಳಗೆ ಹೋದರೆ ಹತ್ತು ನಿಮಿಷ ಏನೂ ಕಾಣುವುದಿಲ್ಲ. ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟುಕೊಂಡು ಒಲೆಯ ಬದಿಯಲ್ಲಿ ಸ್ವಲ್ಪ ಹೊತ್ತು ಕೂತರೆ ಅದೂ ಬೆಚ್ಚಗಾಗುತ್ತದೆ, ಕೂತವನಿಗೆ ಒಂದು ಲೋಟ ಕಷಾಯವೂ ಬರುತ್ತದೆ. ಕಾಯಿ ತುರಿಯುವ ಚಿಕ್ಕಮ್ಮಂದಿರು, ಬಾಳೆಲೆ ಒರೆಸುವ ಹುಡುಗರು, ಹೂ ಕಟ್ಟುತ್ತಲೇ ತೂಕಡಿಸುವ ಅಜ್ಜಿ, ಚಪ್ಪರದ ಕಂಬಕ್ಕೆ ಬಾಳೆ ಕಟ್ಟುವ ಕೆಲಸದವರು, ಇವರ್‍ಯಾರೂ ಆಮೇಲೆ ಮಂಟಪಕ್ಕೆ ಬಂದು ನಿಲ್ಲುವವರಲ್ಲ. ಛತ್ರದ ಮದುವೆಯಲ್ಲಿ ಇವರು ಇರುವುದೇ ಇಲ್ಲ, ಅಲ್ಲಿ ಎಲ್ಲರೂ ನೆಂಟರು. ಮನೆಯಲ್ಲಿ ಮದುವೆ ಮಾಡುವವರು ಇವರೇ. ಅವರನ್ನು ಕೈಯಲ್ಲಿ ಕೆಲಸ ಇರುವಾಗಲೇ ತೆಗೆಯಬೇಕು.

ಅದೇ ಬೆಳಗಿನ ಜಾವ ಇನ್ನೊಂದು ಕೆಲಸವೂ ನನಗೆ ಇರುತ್ತದೆ. ಸಪ್ತಪದಿಯ ನಂತರ ಅರುಂಧತಿ ದರ್ಶನ ಅಂತ ನಡುಹಗಲಿನಲ್ಲಿ ಮದುಮಕ್ಕಳಿಗೆ ಆಕಾಶ ತೋರಿಸುತ್ತಾರೆ. ಕಾಣುವುದು ಬಿಸಿಲು ಮಾತ್ರ. ನವೆಂಬರ್ ಕೊನೆಯಲ್ಲಿ ಸಪ್ತರ್ಷಿ ಮಂಡಲ ಸಂಜೆಗೆ ಕಾಣುವುದಿಲ್ಲ, ಆದರೆ ಬೆಳಿಗ್ಗೆ ಐದಕ್ಕೆ ಈಶಾನ್ಯದಲ್ಲಿ ಚೆನ್ನಾಗಿಯೇ ಮೇಲೆ ಬಂದಿರುತ್ತದೆ. ಅದರ ಬಾಲದ ನಡುವಿನ ನಕ್ಷತ್ರ ವಸಿಷ್ಠ, ಅದಕ್ಕೆ ಅಂಟಿಕೊಂಡ ಹಾಗೆ ಸಣ್ಣದಾಗಿ ಅರುಂಧತಿ. ಮಂಜು ಕವಿಯದ ದಿನವಾದರೆ ಎಣ್ಣೆಸ್ನಾನಕ್ಕೆ ಎದ್ದ ಮದುಮಗಳನ್ನು ಅಂಗಳಕ್ಕೆ ಕರೆದು ನಿಜವಾದ ಅರುಂಧತಿ ತೋರಿಸುತ್ತೇನೆ. ಹೋದ ವರ್ಷ ಒಬ್ಬಳು ಶಾಲು ಹೊದ್ದು, ತಲೆಯಿಂದ ಎಣ್ಣೆ ಇಳಿಯುತ್ತಿರುವಾಗಲೇ ಕತ್ತೆತ್ತಿ ನೋಡಿ, “ಎರಡಿದೆ, ಎರಡಿದೆ!” ಅಂತ ಕೂಗಿದಳು. ಒಡವೆ ಇಲ್ಲ, ಸೀರೆ ಇಲ್ಲ, ಹಿತ್ತಿಲ ಒಲೆಯ ಬೆಂಕಿಯ ಬೆಳಕು ಒಂದು ಕೆನ್ನೆಗೆ. ಆ ಆಲ್ಬಮ್ಮಿನ ಮೊದಲ ಪುಟ ಅದೇ.

“ನಮ್ಮ ಮನೆ ಅಷ್ಟೇನೂ ಚಂದ ಇಲ್ಲ ಮಾರಾಯ. ಗೋಡೆ ಸುಣ್ಣ ಎದ್ದಿದೆ. ಹಿಂದೆ ಒಂದು ಹೂವಿನ ಪರದೆ ಕಟ್ಟಿಸಿ ಮುಚ್ಚಿಬಿಡೋಣ ಅಂತಿದ್ದೆ” ಅಂದರು ಅಕ್ಕ ಕೊನೆಗೆ.

ನಾನು ಇಷ್ಟು ಹೊತ್ತು ಹೇಳಬೇಕು ಅಂತ ಇದ್ದದ್ದು ಇದಕ್ಕೇ.

ನಮ್ಮ ತಾಲ್ಲೂಕಿನ ಕುಪ್ಪಳಿಗೆ ಹೋದವರೆಲ್ಲ ಕವಿಮನೆ ನೋಡಿರುತ್ತಾರೆ. ಆ ಮೂರಂತಸ್ತಿನ ತೊಟ್ಟಿಮನೆಯಲ್ಲಿ ಕುವೆಂಪು ಅವರ ಮದುವೆಯ ಮಂಟಪವನ್ನು ಕಾಪಾಡಿ ಇಟ್ಟಿದ್ದಾರೆ. ಅವರ ಮದುವೆ ಆದದ್ದು 1937ರಲ್ಲಿ. ಮುಂದೆ ಅವರೇ ಆಡಂಬರ ಬೇಡವೆಂದು ಮಂತ್ರ ಮಾಂಗಲ್ಯ ರೂಪಿಸಿದರು, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹಾಗೆಯೇ ಸರಳವಾಗಿ ಮಾಡಿದರು. ಕವಿಮನೆಯಲ್ಲಿ ಜನ ಆ ಮಂಟಪದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದನ್ನು ನಾನು ನೋಡಿದ್ದೇನೆ. ಒಂದು ಮದುವೆ ಇಂಥ ಜಾಗದಲ್ಲಿ, ಇಂಥ ಕಂಬಗಳ ನಡುವೆ ಆಯಿತು ಅನ್ನುವುದು ಕಣ್ಣಿಗೆ ಸಿಕ್ಕಾಗ ಆಗುವ ಸಂತೋಷವೇ ಬೇರೆ. ಎಲ್ಲರ ಮನೆಯನ್ನೂ ಹಾಗೆ ಕಾಪಾಡುವವರು ಇಲ್ಲ. ನಮಗೆ ಉಳಿಯುವುದು ಫೋಟೋ.

ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಅಣ್ಣ ತಂಗಿ ಇಬ್ಬರು ನನ್ನ ಅಂಗಡಿ ಹುಡುಕಿಕೊಂಡು ಬಂದರು. ಅವರ ತಂದೆ ತಾಯಿಯ ಮದುವೆಯ ಫೋಟೋ ತೆಗೆದವರು ನನ್ನ ಗುರುಗಳು. ಪಾಲಾದ ಮೇಲೆ ಹಳೆ ಮನೆ ಕಳಚಿ, ಮುಂಡಿಗೆ, ಬಾಗಿಲು, ತೊಲೆ ಎಲ್ಲ ಮಾರಿಹೋಗಿತ್ತು. ಆ ಜಾಗದಲ್ಲಿ ಈಗ ಅಡಿಕೆ ಸಸಿ. ಮನೆಯದ್ದೇ ಅಂತ ಒಂದು ಫೋಟೋ ಯಾರ ಹತ್ತಿರವೂ ಇರಲಿಲ್ಲ. ಗುರುಗಳ ಹಳೆ ನೆಗೆಟಿವ್ ಡಬ್ಬಗಳು ನನ್ನ ಹತ್ತಿರ ಇವೆ. ಹುಡುಕಿ, ಸ್ಕ್ಯಾನ್ ಮಾಡಿ ದೊಡ್ಡದಾಗಿ ಪರದೆಯ ಮೇಲೆ ಹಾಕಿದೆ. ತಂದೆ ತಾಯಿಯನ್ನು ಅವರು ನೋಡಿದ್ದೇ ಇತ್ತು, ಅವರ ಬೆರಳು ಹೋದದ್ದು ಹಿನ್ನೆಲೆಗೆ. ಜಗಲಿಯ ಮೂಲೆಯಲ್ಲಿ ತೂಗುಹಾಕಿದ ಕಂಬಳಿಕೊಪ್ಪೆ, ಗೋಡೆಯ ಗೂಡಿನಲ್ಲಿ ಅಜ್ಜನ ಕವಳದ ತಟ್ಟೆ, ಮುಂಡಿಗೆಯ ಮೇಲೆ ಮಕ್ಕಳ ಎತ್ತರ ಗುರುತು ಮಾಡಿದ ಗೀರುಗಳು. “ಇದು ನನ್ನ ಸೋದರತ್ತೆಯ ಗೀರು” ಅಂದಳು ತಂಗಿ. ಒಂದು ಪರದೆ ಕಟ್ಟಿದ್ದರೆ ಅದೇನೂ ಉಳಿಯುತ್ತಿರಲಿಲ್ಲ.

ಇದನ್ನು ಅಕ್ಕನಿಗೆ ಹೇಳಿದೆ. ಅವರು ಬುಟ್ಟಿ ಎತ್ತಿಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ, “ಸುಣ್ಣ ಹೊಡೆಸ್ತೇನೆ, ಪರದೆ ಬೇಡ” ಅಂದು ಒಳಗೆ ಹೋದರು.

ಈ ತುಳಸಿ ಪೂಜೆಯ ನಂತರ ಮನೆಯಲ್ಲೇ ಮದುವೆ ಇಟ್ಟುಕೊಂಡವರಿಗೆಲ್ಲ ನನ್ನದೂ ಇಷ್ಟೇ ಕೇಳಿಕೆ. ಬಿಳಿ ಮೇಲ್ಕಟ್ಟು ಕಟ್ಟಿಸಿ. ಗೋಡೆ ಮುಚ್ಚಬೇಡಿ. ಫೋಟೋದವನಿಗೆ ಒಂದು ವಾರ ಮೊದಲು ಮನೆ ತೋರಿಸಿ, ಹಿಂದಿನ ರಾತ್ರಿ ಮಲಗಲು ಜಾಗ ಕೊಡಿ. ಮದುವೆಯಾದ ಮೇಲೆ ಮೊಬೈಲಿನಲ್ಲಿ, ಪೆನ್‌ಡ್ರೈವಿನಲ್ಲಿ ಬಿಡದೆ ಐವತ್ತು ಫೋಟೋವನ್ನಾದರೂ ಕಾಗದದ ಮೇಲೆ ಹಾಕಿಸಿ. ಒಂದು ಮಧ್ಯಾಹ್ನ ಮನೆಯ ಹಿರಿಯರನ್ನು ಜೊತೆಗೆ ಕೂರಿಸಿಕೊಂಡು, ಪ್ರತಿ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ: ಮಂಟಪದಲ್ಲಿ ಇರುವವರದ್ದು, ಒಲೆಯ ಮುಂದೆ ಇರುವವರದ್ದು, ಚಪ್ಪರ ಹಾಕಿದವರದ್ದು. ಹೆಸರು ಹೇಳುವವರು ಇರುವಾಗಲೇ ಬರೆಯಿರಿ.